ಭಾಗವತರಿಲ್ಲದ ಆಟ: ‘ಸ್ವೀನಿ ಟಾಡ್’ ರಂಗದಿಂದ ಪರದೆಗೆ ಬಂದಾಗ ಏನಾಯಿತು?

ಕಡಲಂಚು, ಕಾರವಾರ

ನಮಸ್ಕಾರ. ಟಿಮ್ ಬರ್ಟನ್ ನಿರ್ದೇಶನದ ‘ಸ್ವೀನಿ ಟಾಡ್’ ಸಿನಿಮಾವನ್ನು ಮೊನ್ನೆ ಇಲ್ಲಿ ಕೆಲವರು ಸೇರಿ ನೋಡಿದೆವು. 2007ರ ಸಿನಿಮಾ. ನೋಡಿದ ಮೇಲೆ ಶುರುವಾದ ವಾದ ಇನ್ನೂ ಮುಗಿದಿಲ್ಲ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಯಕ್ಷಗಾನದ ಆಟ, ನಾಟಕ, ಸಿನಿಮಾ ಮೂರೂ ಬಲ್ಲವರು ಇಲ್ಲಿದ್ದೀರಿ. ಕಥೆಯ ಕೊನೆ ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ಓದುವುದು ನಿಲ್ಲಿಸಿ.

ಕಥೆ ಇಷ್ಟು. ಲಂಡನ್ನಿನಲ್ಲಿ ಬೆಂಜಮಿನ್ ಬಾರ್ಕರ್ ಎಂಬ ಕ್ಷೌರಿಕ. ಅವನ ಹೆಂಡತಿಯ ಮೇಲೆ ನ್ಯಾಯಾಧೀಶ ಟರ್ಪಿನ್ ಕಣ್ಣು ಹಾಕುತ್ತಾನೆ. ಸುಳ್ಳು ಆರೋಪ ಹೊರಿಸಿ ಗಂಡನನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡುತ್ತಾನೆ. 15 ವರ್ಷದ ನಂತರ ಬಾರ್ಕರ್ ‘ಸ್ವೀನಿ ಟಾಡ್’ ಎಂಬ ಹೆಸರಿಟ್ಟುಕೊಂಡು ವಾಪಸು ಬರುತ್ತಾನೆ. ಹೆಂಡತಿ ವಿಷ ಕುಡಿದಳು ಎಂದು ಕೆಳಗಿನ ಅಂಗಡಿಯ ಮಿಸೆಸ್ ಲವೆಟ್ ಹೇಳುತ್ತಾಳೆ. ಮಗಳು ಅದೇ ನ್ಯಾಯಾಧೀಶನ ಮನೆಯಲ್ಲಿ ಬಂದಿ. ಟಾಡ್ ಕ್ಷೌರದ ಕತ್ತಿ ಮಸೆಯುತ್ತಾನೆ. ಮೇಲಿನ ಕುರ್ಚಿಯಲ್ಲಿ ಕತ್ತು ಸೀಳಿದವರ ಹೆಣ ಕೆಳಗಿನ ನೆಲಮಾಳಿಗೆಗೆ ಬೀಳುತ್ತದೆ. ಲವೆಟ್ ಅದನ್ನು ಅರೆದು, ಹಿಟ್ಟಿನೊಳಗೆ ತುಂಬಿ, ಪೈ ಮಾಡಿ ಮಾರುತ್ತಾಳೆ. ಇಷ್ಟು ಘೋರ ಕಥೆಯನ್ನು ಬಹುಪಾಲು ಹಾಡಿನಲ್ಲೇ ಹೇಳಿದ್ದಾರೆ.

ಇದು ಮೊದಲು ರಂಗಕೃತಿ. 1979ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ ಬಂತು. ಸಂಗೀತ, ಹಾಡು ಎರಡೂ ಸ್ಟೀಫನ್ ಸೊಂಡ್‌ಹೈಮ್ ಅವರದು. ಸಂಭಾಷಣೆ ಹ್ಯೂ ವೀಲರ್, ನಿರ್ದೇಶನ ಹೆರಾಲ್ಡ್ ಪ್ರಿನ್ಸ್. ಆ ವರ್ಷ ಅಲ್ಲಿನ ರಂಗಭೂಮಿಗೆ ಕೊಡುವ ಟೋನಿ ಪ್ರಶಸ್ತಿ 8 ಬಂತು. ರಂಗದ ಮೇಲೆ ಇದು ಶುರುವಾಗುವುದೇ ಒಂದು ಗುಂಪಿನ ಹಾಡಿನಿಂದ. ಊರಿನ ಜನ ಬಂದು ನಿಂತು, ಬನ್ನಿ, ಟಾಡ್‌ನ ಕಥೆ ಕೇಳಿ ಎಂದು ನೋಡುವವರನ್ನು ಕರೆಯುತ್ತಾರೆ. ನಡುನಡುವೆ ಅದೇ ಗುಂಪು ಮತ್ತೆ ಮತ್ತೆ ಬರುತ್ತದೆ. ಕೊನೆಗೂ ಅವರೇ.

ಸಿನಿಮಾದಲ್ಲಿ ಈ ಗುಂಪು ಇಲ್ಲ. ಪೂರ್ತಿ ತೆಗೆದಿದ್ದಾರೆ. ನನ್ನ ವಾದ ಇಷ್ಟೇ: ಭಾಗವತರನ್ನು ಕೆಳಗಿಳಿಸಿ ಆಟ ಆಡಿಸಿದ ಹಾಗಾಗಿದೆ. ವೇಷ ಚೆನ್ನಾಗಿದೆ, ಕುಣಿತ ಚೆನ್ನಾಗಿದೆ, ಆದರೆ ಕಥೆ ಯಾರದು, ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದೇ ಹೋಗಿದೆ. ಒಂದು ಊರಿನ ಪಾಪದ ಕಥೆ ಒಬ್ಬ ಗಂಡಸಿನ ದುಃಖದ ಕಥೆಯಾಗಿದೆ. ನೀವೆಲ್ಲ ಏನಂತೀರಿ?

ಬೈತಖೋಲ, ಕಾರವಾರ

ನಾನೂ ನೋಡಿದೆ ಅಕ್ಕ. ಒಂದೇ ಮಾತು. ರಕ್ತ ಜಾಸ್ತಿಯಾಯಿತು. ಅದೂ ಅಷ್ಟು ಕೆಂಪು ಯಾಕೆ? ನಿಜವಾದ ರಕ್ತ ಹಾಗಿರುವುದಿಲ್ಲವಲ್ಲ. ಇನ್ನೊಂದು, ಇದು ನಿಜವಾಗಿ ನಡೆದ ಕಥೆಯಾ?

ಚಂಡೆಪೆಟ್ಟು, ಹೊನ್ನಾವರ

ಕಡಲಂಚು ಅವರೇ, ನಿಮ್ಮ ಹೋಲಿಕೆ ಸರಿ. ಆದರೆ ಅದು ಪೂರ್ತಿ ಆಗಿಲ್ಲ. ನಮ್ಮ ಭಾಗವತರು ಕಥೆ ಹೇಳುವವರು ಮಾತ್ರ ಅಲ್ಲ. ಇಡೀ ಆಟದ ನಿರ್ದೇಶಕರು ಅವರೇ. ವೇಷಧಾರಿ ಎಷ್ಟು ಹೊತ್ತು ಕುಣಿಯಬೇಕು, ಎಲ್ಲಿ ಮಾತಿಗೆ ಬಿಡಬೇಕು, ಯಾವ ಪದವನ್ನು ಏರುಗತಿಯಲ್ಲಿ ಎತ್ತಬೇಕು, ಎಲ್ಲ ಅವರ ಕೈಯಲ್ಲಿ. ಅವರು ಕಥೆಯ ಹೊರಗಿರುತ್ತಾರೆ. ರಾವಣ ಸತ್ತರೂ, ರಾಮ ಗೆದ್ದರೂ, ಭಾಗವತರು ಭಾಗವತರೇ.

ಸೊಂಡ್‌ಹೈಮ್ ಗುಂಪು ಹಾಗಲ್ಲ. ನಾನು 1982ರಲ್ಲಿ ಟಿವಿಗೆ ಬಂದ ರಂಗಪ್ರದರ್ಶನದ ದಾಖಲೆ ನೋಡಿದ್ದೇನೆ. ಏಂಜೆಲಾ ಲ್ಯಾನ್ಸ್‌ಬರಿ ಲವೆಟ್, ಜಾರ್ಜ್ ಹರ್ನ್ ಟಾಡ್. ಅದರಲ್ಲಿ ಕಥೆ ಹೇಳುವ ಗುಂಪೇ ಸಂತೆಯ ಜನ. ಅವರೇ ಪೈ ತಿನ್ನುವವರು. ಎರಡನೇ ಅಂಕದ ಮೊದಲಿಗೆ ಲವೆಟ್ ಅಂಗಡಿ ತುಂಬಿ ತುಳುಕುತ್ತದೆ. ಜನ ಇನ್ನೂ ಬೇಕು, ಇನ್ನೂ ಬೇಕು ಎಂದು ಹಾಡುತ್ತಾರೆ. ಮೈ ಜುಂ ಅನ್ನುವುದು ಅಲ್ಲಿ. ಕೊಲೆಗಾರ ಮೇಲಿದ್ದಾನೆ, ಆದರೆ ತಿನ್ನುತ್ತಿರುವವರು ಇವರು. ಕಥೆ ಹೇಳುವ ಬಾಯಿ, ತಿನ್ನುವ ಬಾಯಿ ಎರಡೂ ಒಂದೇ.

ಆ ಮೊದಲ ಹಾಡಿನಲ್ಲಿ ಇನ್ನೊಂದು ವಿಷಯ ಇದೆ. ಕ್ರೈಸ್ತರ ಮೃತಪೂಜೆಯಲ್ಲಿ ಹಾಡುತ್ತಿದ್ದ ‘ದೀಸ್ ಈರೇ’ ಎಂಬ ಹಳೆಯ ಲ್ಯಾಟಿನ್ ಹಾಡು ಗೊತ್ತಲ್ವಾ? ಕಡೆಯ ತೀರ್ಪಿನ ದಿನದ ಹಾಡು. ಅದರ ಸ್ವರಗಳನ್ನು ಸೊಂಡ್‌ಹೈಮ್ ಇದರೊಳಗೆ ಹೆಣೆದಿದ್ದಾರೆ. ತೀರ್ಪು ಯಾರ ಮೇಲೆ? ಹಾಡುವವರ ಮೇಲೂ ಇದೆ ತಾನೇ.

ಹಾಗಾಗಿ ಸಿನಿಮಾದಲ್ಲಿ ಕಳೆದದ್ದು ಬರೀ ನಿರೂಪಣೆ ಅಲ್ಲ. ಸಾಕ್ಷಿಗಳು ಕಳೆದುಹೋದರು.

ದೇವಿಕೆರೆ ಹುಡುಗ, ಶಿರಸಿ

ನಾನು ಒಪ್ಪುವುದಿಲ್ಲ ಅಣ್ಣ. ನಾನು ವಿಡಿಯೊ ಎಡಿಟಿಂಗ್ ಮಾಡುವವನು. ಆ ಕಡೆಯಿಂದ ಹೇಳುತ್ತೇನೆ.

ರಂಗದ ಮೇಲೆ ಗುಂಪು ಯಾಕೆ ಬೇಕು? ದೂರ ಕೂತವರಿಗೆ ಟಾಡ್‌ನ ಕಣ್ಣು ಕಾಣುವುದಿಲ್ಲ. ಅವನ ಒಳಗೆ ಏನಾಗುತ್ತಿದೆ ಎಂದು ಯಾರಾದರೂ ಹೇಳಬೇಕು. ಸಿನಿಮಾದಲ್ಲಿ ಕ್ಯಾಮೆರಾ ಮುಖದ ಹತ್ತಿರಕ್ಕೇ ಹೋಗುತ್ತದೆ. ಟಾಡ್ ತನ್ನ ಹಳೆಯ ಕತ್ತಿಗಳನ್ನು ಕೈಯಲ್ಲಿ ಹಿಡಿದು, ನನ್ನ ಗೆಳೆಯರೇ ಎಂದು ಹಾಡುವ ದೃಶ್ಯ ನೆನಪು ಮಾಡಿಕೊಳ್ಳಿ. ಕತ್ತಿಯ ಬೆಳ್ಳಿಯಲ್ಲಿ ಅವನ ಮುಖ ಕಾಣುತ್ತದೆ. ಪಕ್ಕದಲ್ಲಿ ಲವೆಟ್ ಅವನನ್ನೇ ನೋಡುತ್ತಾ ತನ್ನ ಪಾಡಿಗೆ ತನ್ನ ಆಸೆ ಹಾಡಿಕೊಳ್ಳುತ್ತಾಳೆ. ಅವನು ಅವಳ ಕಡೆ ತಿರುಗುವುದೇ ಇಲ್ಲ. ಇದನ್ನು ಹೇಳಲು ಮೂರನೆಯವರು ಯಾಕೆ ಬೇಕು?

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಬರ್ಟನ್ ಮೊದಲು ಗುಂಪನ್ನು ಪೂರ್ತಿ ಬಿಟ್ಟಿರಲಿಲ್ಲ. ದೆವ್ವಗಳ ರೂಪದಲ್ಲಿ ಹಾಡುವವರನ್ನು ಇಟ್ಟಿದ್ದರು. ಕ್ರಿಸ್ಟೋಫರ್ ಲೀ ಅವರ ದನಿಯಲ್ಲಿ ಹಾಡು ಧ್ವನಿಮುದ್ರಣವೂ ಆಗಿತ್ತು. ಆಮೇಲೆ ಕೈಬಿಟ್ಟರು. ಅಂದರೆ ಯೋಚನೆ ಮಾಡಿಯೇ ತೆಗೆದದ್ದು. ಆ ಹಾಡಿನ ಸ್ವರ ಮಾತ್ರ ಸಿನಿಮಾದ ಶೀರ್ಷಿಕೆಗಳ ಹಿಂದೆ ಮಾತಿಲ್ಲದೆ ಬರುತ್ತದೆ. ಪರದೆಯ ಮೇಲೆ ರಕ್ತ ಯಂತ್ರದ ಹಲ್ಲುಗಳ ನಡುವೆ ಇಳಿಯುತ್ತಾ, ಮಾಂಸ ಅರೆಯುವ ಗಾಲಿಗೆ ಸೇರಿ, ಕೊನೆಗೆ ಚರಂಡಿಗೆ ಹೋಗುತ್ತದೆ. ನನ್ನ ಮಟ್ಟಿಗೆ ಒಡ್ಡೋಲಗ, ಅಂದರೆ ಆಟದ ಮೊದಲ ಅದ್ದೂರಿ ಪ್ರವೇಶ, ಅಲ್ಲೇ ಆಯಿತು.

ಮತ್ತೊಂದು. ಸೊಂಡ್‌ಹೈಮ್ ಹುಡುಗನಾಗಿದ್ದಾಗ ‘ಹ್ಯಾಂಗೋವರ್ ಸ್ಕ್ವೇರ್’ ಎಂಬ 1945ರ ಸಿನಿಮಾ ನೋಡಿ, ಅದರ ಸಂಗೀತಕ್ಕೆ ಮರುಳಾಗಿದ್ದರು. ಸಂಗೀತ ಬರ್ನಾರ್ಡ್ ಹೆರ್ಮನ್ ಅವರದು. ಮುಂದೆ ಹಿಚ್‌ಕಾಕ್ ‘ಸೈಕೋ’ಗೆ ಆ ಚುಚ್ಚುವ ತಂತಿವಾದ್ಯ ಕೊಟ್ಟವರೂ ಅವರೇ. ಸ್ವೀನಿ ಟಾಡ್ ಸಂಗೀತಕ್ಕೆ ಹೆರ್ಮನ್ ಅವರೇ ಸ್ಫೂರ್ತಿ. ಇದು ಹುಟ್ಟಿನಿಂದಲೇ ಸಿನಿಮಾ ಸಂಗೀತ. ಪರದೆಗೆ ಬಂದದ್ದು ಅದರ ಊರಿಗೆ ಅದು ವಾಪಸು ಬಂದ ಹಾಗೆ.

ಮಾಸ್ತರು, ಕುಮಟಾ

ಬೈತಖೋಲ ಅವರ ಎರಡನೇ ಪ್ರಶ್ನೆಗೆ ಮೊದಲು ಉತ್ತರ. ನಿಜವಾಗಿ ನಡೆದದ್ದು ಎನ್ನುವುದಕ್ಕೆ ನ್ಯಾಯಾಲಯದ ಕಡತಗಳಲ್ಲಿ ಆಧಾರ ಸಿಕ್ಕಿಲ್ಲ. ಕಥೆ ಮೊದಲು ಬಂದದ್ದು 1846–47ರಲ್ಲಿ, ಲಂಡನ್ನಿನ ಒಂದು ಅಗ್ಗದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ. ಪ್ರಕಾಶಕ ಎಡ್ವರ್ಡ್ ಲಾಯ್ಡ್. ಧಾರಾವಾಹಿ ಮುಗಿಯುವ ಮೊದಲೇ, 1847ರಲ್ಲಿ, ಜಾರ್ಜ್ ಡಿಬ್ಡಿನ್ ಪಿಟ್ ಅದನ್ನು ನಾಟಕ ಮಾಡಿ ರಂಗಕ್ಕೆ ತಂದರು. ಜನ ಮುಗಿಬಿದ್ದು ನೋಡಿದರು.

ಆದರೆ ಆ ಹಳೆಯ ಟಾಡ್‌ಗೆ ದುಃಖ ಏನೂ ಇರಲಿಲ್ಲ. ದುಡ್ಡಿಗಾಗಿ, ಮುತ್ತಿನ ಹಾರಕ್ಕಾಗಿ ಕೊಲ್ಲುವ ದುರಾಸೆಯವನು, ಅಷ್ಟೇ. ಹೆಂಡತಿ, ಮಗಳು, ನ್ಯಾಯಾಧೀಶ, ಗಡೀಪಾರು, ಈ ಸೇಡಿನ ಕಥೆ ಸೇರಿಸಿದವರು ಕ್ರಿಸ್ಟೋಫರ್ ಬಾಂಡ್. 1973ರಲ್ಲಿ ಅವರ ನಾಟಕವನ್ನು ಸೊಂಡ್‌ಹೈಮ್ ಲಂಡನ್ನಿನಲ್ಲಿ ನೋಡಿದರು. ಅದರಿಂದಲೇ ಈ ಸಂಗೀತ ನಾಟಕ ಹುಟ್ಟಿತು.

ಇದು ನಮ್ಮ ಚರ್ಚೆಗೂ ಮುಖ್ಯ. ಒಂದೂಕಾಲು ಶತಮಾನ ಬರೀ ರಾಕ್ಷಸನಾಗಿದ್ದವನು ಬಾಂಡ್ ಕೈಯಲ್ಲಿ ನೊಂದ ಮನುಷ್ಯನಾದ. ಆಗ ಒಂದು ಅಪಾಯ ಬಂತು. ನೋಡುವವರು ಅವನ ಕಡೆ ಪೂರ್ತಿ ವಾಲಿಬಿಡಬಹುದು. ಅವನು ಮಾಡಿದ್ದೆಲ್ಲ ಸರಿ ಅನ್ನಿಸಿಬಿಡಬಹುದು. ಗುಂಪಿನ ಹಾಡು ಆ ವಾಲುವಿಕೆಯನ್ನು ಹಿಡಿದು ನಿಲ್ಲಿಸುತ್ತಿತ್ತು. ಪ್ರತಿ ಸಲ ಬಂದು, ನೋಡಿ, ಇವನು ಹೀಗೆ ಮಾಡಿದ, ಮರೆಯಬೇಡಿ ಎನ್ನುತ್ತಿತ್ತು. ಸಿನಿಮಾದಲ್ಲಿ ಆ ತಡೆ ಇಲ್ಲ. ಅದಕ್ಕೇ ಸಿನಿಮಾದಲ್ಲಿ ಟಾಡ್ ಆದ ಜಾನಿ ಡೆಪ್ ಮೇಲೆ ಕನಿಕರವೇ ಜಾಸ್ತಿ ಬರುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ.

ಇನ್ನು ರಕ್ತ. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿದವರಿಗೆ ಇದರಲ್ಲಿ ಹೊಸತೇನೂ ಅನ್ನಿಸಬಾರದು. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ ಎಂಬ ಹೆಸರೇ ಸಾಕು. ನಿದ್ದೆಯಲ್ಲಿದ್ದ ಮಕ್ಕಳನ್ನು ಅಶ್ವತ್ಥಾಮ ಕೊಲ್ಲುವ ಕಥೆ. ಅದನ್ನೂ ನಾವು ಹಾರ್ಮೋನಿಯಂ, ತಬಲಾ, ಹಾಡಿನ ಜೊತೆಗೇ ನೋಡಿದವರು. ಘೋರಕ್ಕೂ ಹಾಡಿಗೂ ವಿರೋಧ ಇದೆ ಎಂಬ ಮಾತು ನಮ್ಮಲ್ಲಿ ಯಾವತ್ತೂ ಇರಲಿಲ್ಲ.

ದೇವಿಕೆರೆ ಹುಡುಗ, ಶಿರಸಿ

ರಕ್ತದ ಬಣ್ಣದ ಬಗ್ಗೆ ನಾನೊಂದಿಷ್ಟು ಸೇರಿಸುತ್ತೇನೆ ಮಾಸ್ತರ್ರೇ. ಛಾಯಾಗ್ರಹಣ ದಾರಿಯುಸ್ ವೋಲ್ಸ್ಕಿ ಅವರದು. ಇಡೀ ಸಿನಿಮಾದಿಂದ ಬಣ್ಣ ಹಿಂಡಿ ತೆಗೆದಿದ್ದಾರೆ. ಮುಖ ಬಿಳುಚಿ, ಗೋಡೆ ಬೂದಿ, ಆಕಾಶ ಸೀಸ. ಮಳೆಗಾಲದಲ್ಲಿ ನಮ್ಮ ಘಟ್ಟದ ಮೇಲೆ ವಾರಗಟ್ಟಲೆ ಬಿಸಿಲು ಕಾಣದಿದ್ದಾಗ ಹೇಗಿರುತ್ತದೋ ಹಾಗೆ. ಆ ಬೂದಿಯ ಮೇಲೆ ರಕ್ತ ಬಿದ್ದಾಗ ಅದೊಂದೇ ಬಣ್ಣ. ಬೇಕೆಂದೇ ಹಾಗೆ ಗಾಢವಾಗಿ, ಬಣ್ಣದ ನೀರಿನ ಹಾಗೆ ಇಟ್ಟಿದ್ದಾರೆ. ನಿಜವಾದ ರಕ್ತದ ಹಾಗೆ ಕಂದಾಗಿಸಿದ್ದರೆ ಈ ಕತ್ತಲಲ್ಲಿ ಅದು ಮುಳುಗಿಹೋಗುತ್ತಿತ್ತು. ನೋಡುವವರಿಗೆ ಬರೀ ಹೇಸಿಗೆ ಉಳಿಯುತ್ತಿತ್ತು.

ಕಲಾ ನಿರ್ದೇಶನಕ್ಕೆ ದಾಂತೆ ಫೆರೆಟ್ಟಿ ಮತ್ತು ಫ್ರಾಂಚೆಸ್ಕಾ ಲೋ ಸ್ಕ್ಯಾವೋ ಅವರಿಗೆ ಆಸ್ಕರ್ ಬಂತು. ಈ ಸಿನಿಮಾಕ್ಕೆ ಬಂದ ಒಂದೇ ಆಸ್ಕರ್ ಅದು. ಬಂದದ್ದು ನ್ಯಾಯವೇ.

ಚಂಡೆಪೆಟ್ಟು, ಹೊನ್ನಾವರ

ರಂಗದ ಮೇಲೂ ರಕ್ತ ಇತ್ತು ತಮ್ಮಾ. 1979ರ ಪ್ರದರ್ಶನದಲ್ಲಿ ರಕ್ತ ಚಿಮ್ಮುವ ಕತ್ತಿಗಳನ್ನೇ ಮಾಡಿಸಿದ್ದರು. ಜೊತೆಗೆ ಕಾರ್ಖಾನೆಯ ಶಿಳ್ಳೆ. ಕಿವಿ ಸೀಳುವ ಹಾಗೆ ಕೂಗುತ್ತಿತ್ತು. ರಂಗಸಜ್ಜಿಕೆ ಮಾಡಿದ ಯೂಜೀನ್ ಲೀ, ರೋಡ್ ಐಲ್ಯಾಂಡಿನ ಹಳೆಯ ಕಬ್ಬಿಣದ ಎರಕದ ಕಾರ್ಖಾನೆಯ ಭಾಗಗಳನ್ನೇ ತಂದು ರಂಗದ ಮೇಲೆ ನಿಲ್ಲಿಸಿದ್ದರು. ಪ್ರಿನ್ಸ್ ಅವರಿಗೆ ಈ ಕಥೆ ಕಾರ್ಖಾನೆ ಯುಗದ ಕಥೆ. ಯಂತ್ರ ಮನುಷ್ಯನನ್ನು ಅರೆಯುತ್ತದೆ, ಮನುಷ್ಯ ಮನುಷ್ಯನನ್ನು ಅರೆಯುತ್ತಾನೆ.

ನಮ್ಮಲ್ಲಿ ನರಸಿಂಹ ಹಿರಣ್ಯಕಶಿಪುವಿನ ಹೊಟ್ಟೆ ಸೀಳುವಾಗ, ಭೀಮ ದುಶ್ಶಾಸನನ ಎದೆ ಬಗೆಯುವಾಗ, ಕೆಂಪು ಬಟ್ಟೆ ಎಳೆದರೂ ಸಾಕು. ಚಂಡೆ ಆ ಕೆಲಸ ಮಾಡುತ್ತದೆ. ಕಿವಿಗೆ ಬಿದ್ದ ಪೆಟ್ಟು ಕಣ್ಣಿಗೆ ರಕ್ತ ತೋರಿಸುತ್ತದೆ. ಅವರ ಶಿಳ್ಳೆ ಮಾಡಿದ್ದೂ ಅದನ್ನೇ. ಸಿನಿಮಾದಲ್ಲಿ ಕಣ್ಣಿಗೇ ಎಲ್ಲ ಬಡಿಸಿದ್ದರಿಂದ ಕಿವಿಗೆ ಕೆಲಸ ಕಡಿಮೆಯಾಯಿತು.

ಗಂಗಾವಳಿ, ಅಂಕೋಲಾ

ಹಾಡಿನ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ! ಸಂಗೀತ ನಾಟಕದ ಸಿನಿಮಾ ಇದು.

ನಾನು ಹಿಂದೂಸ್ತಾನಿ ಕಲಿತವಳು. ಮೊದಲ ಸಲ ಡೆಪ್ ದನಿ ಕೇಳಿದಾಗ ತೆಳು ಅನ್ನಿಸಿತು. ಅವರು ತರಬೇತಾದ ಗಾಯಕ ಅಲ್ಲ. ಲವೆಟ್ ಆದ ಹೆಲೆನಾ ಬೋನಮ್ ಕಾರ್ಟರ್ ಕೂಡ ಅಲ್ಲ. ಮೂಲದಲ್ಲಿ ಟಾಡ್ ಆದ ಲೆನ್ ಕ್ಯಾರಿಯು ದನಿ ಕೇಳಿ. ಎದೆಯಾಳದಿಂದ ಬರುತ್ತದೆ. ಲ್ಯಾನ್ಸ್‌ಬರಿ ಲವೆಟ್ ಅಂತೂ ದನಿಯಲ್ಲೇ ನಗಿಸಿ, ದನಿಯಲ್ಲೇ ಹೆದರಿಸುತ್ತಾರೆ. ಊರಿನ ಅತ್ಯಂತ ಕೆಟ್ಟ ಪೈ ನನ್ನದೇ ಎಂದು ಅವಳು ಹಾಡುವ ಮೊದಲ ಹಾಡು ತಗೊಳ್ಳಿ. ಹಿಟ್ಟು ಗುದ್ದುತ್ತಾ, ಹುಳ ಹೊಡೆಯುತ್ತಾ, ಉಸಿರಿಗೂ ಜಾಗ ಇಲ್ಲದ ಹಾಗೆ ಹಾಡಬೇಕು. ಹೊಡೆತ ತಾಳಕ್ಕೆ ಸರಿಯಾಗಿ ಬೀಳಬೇಕು. ಬಹಳ ಕಷ್ಟದ ಹಾಡು. ಕಾರ್ಟರ್ ಅದನ್ನು ಸಣ್ಣ ದನಿಯಲ್ಲಿ, ತನಗೆ ತಾನೇ ಗೊಣಗಿಕೊಂಡ ಹಾಗೆ ಹಾಡುತ್ತಾರೆ. ನಗು ಕಡಿಮೆ, ಬಡತನ ಜಾಸ್ತಿ.

ಮತ್ತೆ ಮತ್ತೆ ಕೇಳಿದ ಮೇಲೆ ನನಗೆ ಈ ಸಣ್ಣ ದನಿಯೇ ಹಿಡಿಸಿತು. ರಂಗದಲ್ಲಿ ಹಿಂದಿನ ಸಾಲಿಗೆ ಮುಟ್ಟಿಸಬೇಕು. ಸಿನಿಮಾದಲ್ಲಿ ಮೈಕು ಬಾಯಿಯ ಹತ್ತಿರವೇ ಇರುತ್ತದೆ. ಟಾಡ್ ಪಿಸುಗುಟ್ಟಬಹುದು. ಕೊಲ್ಲುವ ಮನುಷ್ಯ ಪಿಸುಗುಟ್ಟಿದರೆ ಕೂಗಿದ್ದಕ್ಕಿಂತ ಹೆದರಿಕೆ. ದನಿ ಸಣ್ಣದಾದ ಕಡೆ ವಾದ್ಯಗೋಷ್ಠಿ ದೊಡ್ಡದಾಯಿತು. ಮೂಲ ನಾಟಕಕ್ಕೆ ವಾದ್ಯಸಂಯೋಜನೆ ಮಾಡಿದ ಜೊನಾಥನ್ ಟ್ಯುನಿಕ್ ಅವರೇ ಸಿನಿಮಾಕ್ಕೂ ಮಾಡಿದ್ದಾರೆ. ಮಂದ್ರದಲ್ಲಿ ತಂತಿವಾದ್ಯಗಳು ನಿಂತು ಕಾಯುವುದನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ.

ನನಗೆ ಬೇಜಾರಾದದ್ದು ಬೇರೆ ಕಡೆ. ಟಾಡ್ ಮಗಳು ಜೊಹಾನಾ ಮತ್ತು ಅವಳನ್ನು ಪ್ರೀತಿಸುವ ನಾವಿಕ ಆಂಟನಿಯ ಹಾಡುಗಳನ್ನು ಬಹಳ ಕತ್ತರಿಸಿದ್ದಾರೆ. ಇಬ್ಬರೂ ಒಟ್ಟಿಗೆ ಹಾಡುವ ಪ್ರೇಮದ ಹಾಡು ಪೂರ್ತಿ ಇಲ್ಲ. ಹುಡುಗಿ ಕಿಟಕಿಯ ಹಿಂದಿನ ಬೊಂಬೆಯಾಗಿಬಿಟ್ಟಳು.

ಚಂಡೆಪೆಟ್ಟು, ಹೊನ್ನಾವರ

ತಂಗಿ ಹಾಡಿನ ಮಾತೆತ್ತಿದ್ದು ಒಳ್ಳೆಯದಾಯಿತು. ಒಂದು ದೃಶ್ಯದ ಬಗ್ಗೆ ಹೇಳಲೇಬೇಕು.

ನ್ಯಾಯಾಧೀಶ ಟರ್ಪಿನ್ ಕ್ಷೌರಕ್ಕೆ ಬರುತ್ತಾನೆ. ಸಿನಿಮಾದಲ್ಲಿ ಅಲನ್ ರಿಕ್‌ಮನ್. ತಾನು ಸಾಕಿದ ಹುಡುಗಿಯನ್ನೇ ಮದುವೆಯಾಗುವ ಹುಮ್ಮಸ್ಸು. ಅವಳು ಟಾಡ್‌ನ ಮಗಳು ಎಂದು ನಮಗೆ ಗೊತ್ತು. ಬಾರ್ಕರ್‌ನ ಮಗಳು ಎಂದು ಅವನಿಗೂ ಗೊತ್ತು, ಆದರೆ ಈ ಕ್ಷೌರಿಕನೇ ಬಾರ್ಕರ್ ಎಂದು ಗೊತ್ತಿಲ್ಲ. ಕತ್ತಿ ಕತ್ತಿನ ಮೇಲಿದೆ. ಇಬ್ಬರೂ ಸೇರಿ ಸುಂದರ ಹೆಂಗಸರ ಬಗ್ಗೆ ಹಾಡುತ್ತಾರೆ. ಇಡೀ ನಾಟಕದಲ್ಲಿ ಅತ್ಯಂತ ಮಧುರವಾದ ಸ್ವರ ಅದು. ಕೊಲೆ ಇನ್ನೇನು ಆಗಬೇಕು, ಹಾಡು ಬೆಳೆಯುತ್ತಾ ಹೋಗುತ್ತದೆ, ಟಾಡ್‌ಗೆ ಅವಸರವೇ ಇಲ್ಲ. ಅಷ್ಟರಲ್ಲಿ ಆಂಟನಿ ನುಗ್ಗಿ ಬರುತ್ತಾನೆ. ಬೇಟೆ ತಪ್ಪುತ್ತದೆ.

ಎರಡನೇ ಸಲ ಟರ್ಪಿನ್ ಬರುವುದು ಹೇಗೆ? ಜೊಹಾನಾ ಮನಸ್ಸು ಬದಲಾಯಿಸಿದ್ದಾಳೆ, ಇಲ್ಲೇ ಸಿಗುತ್ತಾಳೆ ಎಂಬ ಆಸೆಯಿಂದ. ಅದೇ ಹಾಡು ಮತ್ತೆ. ಈ ಸಲ ಕತ್ತಿ ತಪ್ಪುವುದಿಲ್ಲ.

ಇದು ನಮ್ಮ ಕೀಚಕ ವಧೆ ಅಲ್ವಾ? ಸೈರಂಧ್ರಿ ಸಿಗುತ್ತಾಳೆ ಎಂದು ಕೀಚಕ ಸಿಂಗರಿಸಿಕೊಂಡು ನಾಟ್ಯಶಾಲೆಗೆ ಹೋಗುತ್ತಾನೆ. ಕತ್ತಲಲ್ಲಿ ಭೀಮ ಕಾದಿರುತ್ತಾನೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ನೋಡಿದವರಿಗೆ ಇದು ಗೊತ್ತು. ಕೀಚಕ ಕೆಟ್ಟವನು ಎಂದು ಎಲ್ಲರಿಗೂ ತಿಳಿದಿದೆ. ಆದರೂ ಆ ಶೃಂಗಾರಕ್ಕೆ ಜನ ಕಣ್ಣು ಕೀಳುತ್ತಿರಲಿಲ್ಲ. ಮೋಹ ಎಷ್ಟು ಚೆಂದವೋ ಸಾವು ಅಷ್ಟು ಘೋರ. ಸೊಂಡ್‌ಹೈಮ್ ಗುಟ್ಟು ಅದೇ. ಮಧುರ ಸ್ವರದ ಕೆಳಗೆ ಕತ್ತಿ ಇಟ್ಟಿದ್ದಾರೆ. ಈ ದೃಶ್ಯದಲ್ಲಿ ಮಾತ್ರ ಬರ್ಟನ್‌ಗೆ ಪೂರ್ತಿ ಅಂಕ ಕೊಡುತ್ತೇನೆ. ರಿಕ್‌ಮನ್ ದನಿಯಲ್ಲಿ ಆ ಆಸೆಬುರುಕತನ ಸುಮ್ನೆ ಹರಿಯುತ್ತದೆ.

ಬೈತಖೋಲ, ಕಾರವಾರ

ಕೀಚಕನ ಹೋಲಿಕೆ ಓದಿ ಆ ದೃಶ್ಯ ಮತ್ತೆ ಹಾಕಿ ನೋಡಿದೆ. ಮೊದಲ ಸಲ ರಕ್ತಕ್ಕೆ ಕಾಯುತ್ತಿದ್ದೆ, ಹಾಡು ಕೇಳಿಸಿರಲೇ ಇಲ್ಲ.

ನನಗೆ ಇಷ್ಟವಾದದ್ದು ಸಮುದ್ರದ ಹಾಡು. ಲವೆಟ್ ಕನಸು ಕಾಣುವುದು. ಪೈ ದುಡ್ಡು ಕೂಡಿಟ್ಟು ಕಡಲ ತೀರದಲ್ಲಿ ಮನೆ ಮಾಡೋಣ, ಮದುವೆಯಾಗೋಣ ಅಂತ. ಇಡೀ ಸಿನಿಮಾದಲ್ಲಿ ಆಗೊಮ್ಮೆ ಮಾತ್ರ ನೀಲಿ ಆಕಾಶ, ಬಿಸಿಲು. ಟಾಡ್ ಪಟ್ಟೆಪಟ್ಟೆ ಈಜುಬಟ್ಟೆ ಹಾಕಿಕೊಂಡು ಮರಳಲ್ಲಿ ಕೂತಿದ್ದಾನೆ. ಮುಖ ಮಾತ್ರ ಅದೇ ಹೆಣದ ಮುಖ. ಟ್ಯಾಗೋರ್ ಬೀಚಿನಲ್ಲಿ ಅಂಥ ಮುಖ ಹೊತ್ತು ಕೂರುವವರನ್ನು ನಾನು ನೋಡಿದ್ದೇನೆ. ಮನೆಯವರು ಕರೆತಂದಿರುತ್ತಾರೆ, ಅವರು ಬಂದಿರುವುದಿಲ್ಲ.

ಕಡಲಂಚು, ಕಾರವಾರ

ಆ ಹಾಡು ಸಿನಿಮಾದ ಗೆಲುವು ಎಂದು ನಾನೂ ಒಪ್ಪುತ್ತೇನೆ. ರಂಗದಲ್ಲಿ ಲವೆಟ್ ಮಾತಲ್ಲೇ ಕಡಲು ಕಟ್ಟಬೇಕು. ಸಿನಿಮಾ ಅವಳ ತಲೆಯೊಳಗೆ ಹೋಗಿ ಕಡಲು ತೋರಿಸುತ್ತದೆ. ಆ ಕನಸಿನಲ್ಲೂ ಅವನು ಅವಳನ್ನು ನೋಡುವುದಿಲ್ಲ.

ಟ್ಯಾಗೋರ್ ಎಂದಾಗ ನೆನಪಾಯಿತು. ರವೀಂದ್ರರು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಕಾರವಾರದಲ್ಲೇ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಲೋಕ ಬಿಟ್ಟೆ ಎನ್ನುವ ಸನ್ಯಾಸಿಯನ್ನು ಒಂದು ಅನಾಥ ಹುಡುಗಿಯ ಪ್ರೀತಿ ವಾಪಸು ಎಳೆಯುವ ಕಥೆ. ಟಾಡ್‌ದು ಇದರ ತಿರುಗುಮುರುಗು. ಪ್ರೀತಿ ಪಕ್ಕದಲ್ಲೇ ಇದೆ, ಮಗಳು ಅದೇ ಊರಲ್ಲಿ ಬದುಕಿದ್ದಾಳೆ, ಅವನಿಗೆ ಎರಡೂ ಕಾಣುವುದಿಲ್ಲ. ಕೊನೆಗೆ ಮಗಳ ಕುತ್ತಿಗೆಗೇ ಕತ್ತಿ ಹಿಡಿಯುತ್ತಾನೆ. ಗಂಡುಡುಗೆಯಲ್ಲಿದ್ದ ಅವಳ ಗುರುತೇ ಹತ್ತುವುದಿಲ್ಲ.

ಮಾಸ್ತರು, ಕುಮಟಾ

ಮಕ್ಕಳಿಗೆ ನಾಟಕ ಕಲಿಸುವವನಾಗಿ ನನಗೆ ಲವೆಟ್ ಅಂಗಡಿಯಲ್ಲಿರುವ ಹುಡುಗ ಟೋಬಿ ಮುಖ್ಯ. ಮೂಲ ರಂಗಪ್ರಯೋಗದಲ್ಲಿ ಟೋಬಿ ಬುದ್ಧಿ ಬಲಿಯದ ದೊಡ್ಡ ಹುಡುಗ. ದೊಡ್ಡ ನಟನೇ ಮಾಡಿದ್ದು. ಬರ್ಟನ್ ನಿಜವಾದ ಬಾಲಕನನ್ನು ಹಾಕಿದರು, ಎಡ್ ಸ್ಯಾಂಡರ್ಸ್. ಇದರಿಂದ ಕಥೆಯ ತೂಕವೇ ಬದಲಾಯಿತು. ನಾನಿರುವಾಗ ನಿನಗೆ ಯಾರೂ ಏನೂ ಮಾಡಲಾರರು ಎಂದು ಆ ಹುಡುಗ ಲವೆಟ್‌ಗೆ ಹಾಡುತ್ತಾನೆ. ಅವನಿಗೆ ಟಾಡ್ ಮೇಲೆ ಅನುಮಾನ, ಅವಳ ಮೇಲೆ ತಾಯಿಯ ಪ್ರೀತಿ. ಅವಳಿಗೂ ಅವನ ಮೇಲೆ ಪ್ರೀತಿ ಇದೆ. ಆದರೂ ಹಾಡು ಮುಗಿದ ಮೇಲೆ ಅವನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋಗಿ, ಹೊರಗಿನಿಂದ ಬಾಗಿಲು ಹಾಕುತ್ತಾಳೆ. ಕಾರ್ಟರ್ ಕಣ್ಣಲ್ಲಿ ನೀರು ತುಂಬಿರುತ್ತದೆ. ಯಾವ ರಕ್ತಕ್ಕಿಂತಲೂ ನನಗೆ ಭಯ ಹುಟ್ಟಿಸಿದ್ದು ಆ ಬಾಗಿಲು.

ಕೊನೆಗೆ ಟಾಡ್‌ನ ಕತ್ತು ಸೀಳುವುದೂ ಆ ಮಗುವೇ. ಒಬ್ಬ ದೊಡ್ಡವನ ಸೇಡು ಮಗುವಿನ ಕೈಗೆ ಕತ್ತಿ ಕೊಟ್ಟಿತು. ಈ ವಿಷಯದಲ್ಲಿ ಸಿನಿಮಾ ನಾಟಕಕ್ಕಿಂತ ಮುಂದೆ ಹೋಗಿದೆ.

ಗಂಗಾವಳಿ, ಅಂಕೋಲಾ

ಮಾಸ್ತರ್ರೇ, ಒಪ್ಪಿದೆ. ಆದರೆ ಮಧ್ಯಂತರದ ಹಾಡು? ಯಾರ ಮಾಂಸದ ಪೈ ಹೇಗಿರುತ್ತದೆ ಎಂದು ಟಾಡ್, ಲವೆಟ್ ಇಬ್ಬರೂ ಪಟ್ಟಿ ಮಾಡುತ್ತಾ ಹಾಡುವುದು. ಪಾದ್ರಿ, ವಕೀಲ, ಕವಿ, ಯಾರನ್ನೂ ಬಿಡುವುದಿಲ್ಲ. ಇಷ್ಟು ದಿನ ಮೇಲಿನವರು ಕೆಳಗಿನವರನ್ನು ತಿಂದರು, ಈಗ ಕೆಳಗಿನವರ ಸರದಿ ಎಂಬ ಕಿಚ್ಚು ಅದರಲ್ಲಿದೆ. ರಂಗದಲ್ಲಿ ಅದು ವಾಲ್ಟ್ಸ್, ಮೂರರ ಲಯದ ಕುಣಿತದ ಹಾಡು. ಜನ ಬಿದ್ದು ಬಿದ್ದು ನಗುತ್ತಾರೆ. ನಗುತ್ತಿರುವಾಗಲೇ ಮೊದಲ ಅಂಕಕ್ಕೆ ಪರದೆ. ಹೊರಗೆ ಬಂದು ಚಹಾ ಕುಡಿಯುವಾಗ, ಅಯ್ಯೋ, ನಾನು ನಕ್ಕಿದ್ದು ಯಾವುದಕ್ಕೆ ಎಂದು ಹೊಳೆಯುತ್ತದೆ.

ಸಿನಿಮಾದಲ್ಲಿ ಇಬ್ಬರೂ ಕಿಟಕಿಯಿಂದ ಬೀದಿಯ ಜನರನ್ನು ನೋಡುತ್ತಾ ಮೆಲ್ಲಗೆ ಹಾಡುತ್ತಾರೆ. ಕೆಲವು ಸಾಲು ಕತ್ತರಿಸಿದ್ದಾರೆ. ನಗು ಬರುವುದಿಲ್ಲ. ನಕ್ಕಿಲ್ಲದಿದ್ದರೆ ನಾಚಿಕೆಯೂ ಆಗುವುದಿಲ್ಲ. ಮಧ್ಯಂತರವೂ ಇಲ್ಲ. ಕಥೆ ನೇರ ಮುಂದಕ್ಕೆ.

ದೇವಿಕೆರೆ ಹುಡುಗ, ಶಿರಸಿ

ಅಕ್ಕ, ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆ ಹಾಡು ರಂಗದ್ದೇ. ಆದರೆ ಎಲ್ಲವನ್ನೂ ರಂಗದ ಅಳತೆಯಲ್ಲಿ ಅಳೆಯುವುದು ಸರಿಯಲ್ಲ. ರಂಗದವರೂ ಈ ಕೃತಿಯನ್ನು ಇಟ್ಟ ಹಾಗೇ ಇಟ್ಟಿಲ್ಲ. 2005ರ ಬ್ರಾಡ್‌ವೇ ಪ್ರಯೋಗದಲ್ಲಿ ಜಾನ್ ಡಾಯ್ಲ್ ಬರೀ 10 ನಟರಲ್ಲಿ ಮುಗಿಸಿದರು. ವಾದ್ಯಗೋಷ್ಠಿಯೇ ಇಲ್ಲ. ನಟರೇ ವಾದ್ಯ ನುಡಿಸಿದರು. ಲವೆಟ್ ಆದ ಪ್ಯಾಟಿ ಲುಪೋನ್ ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ವಾದ್ಯ ಊದಿದರು. ಹಿಮ್ಮೇಳ ಮುಮ್ಮೇಳ ಎರಡೂ ಒಂದೇ. ಅದನ್ನು ಎಲ್ಲರೂ ಮೆಚ್ಚಿದರು. ಸಿನಿಮಾ ಒಂದು ದಾರಿ ಹಿಡಿದರೆ ಮಾತ್ರ ಯಾಕೆ ಬೇಜಾರು? ಮುಖ್ಯ ಪಾತ್ರಕ್ಕೆ ಯಾರು ಎಂಬುದಕ್ಕೂ ಸೊಂಡ್‌ಹೈಮ್ ಒಪ್ಪಿಗೆ ಬೇಕಿತ್ತು. ಅವರು ಒಪ್ಪಿಯೇ ಕೆಲಸ ನಡೆದದ್ದು.

ಚಂಡೆಪೆಟ್ಟು, ಹೊನ್ನಾವರ

ಡಾಯ್ಲ್ ಗುಂಪನ್ನು ತೆಗೆಯಲಿಲ್ಲ ತಮ್ಮಾ. ಹತ್ತೂ ಜನ ಗುಂಪೇ. ಕಥೆ ಹೇಳುವವರೂ ಅವರೇ, ಸಾಯುವವರೂ ಅವರೇ. ಮೇಳ ಸಣ್ಣದಾಯಿತು ಅಷ್ಟೇ, ಪದ್ಯ ನಿಲ್ಲಲಿಲ್ಲ.

ಕಡಲಂಚು, ಕಾರವಾರ

ನಾನು ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಇರುವುದು ಕೊನೆಯ ದೃಶ್ಯದಲ್ಲಿ ಎಂದು ಈಗ ಅನ್ನಿಸುತ್ತಿದೆ. ಎರಡನ್ನೂ ಪಕ್ಕಪಕ್ಕ ಇಡುತ್ತೇನೆ.

ಸಿನಿಮಾ: ತಾನೇ ಕೊಂದ ಭಿಕ್ಷುಕಿ ತನ್ನ ಹೆಂಡತಿ ಲೂಸಿ ಎಂದು ಟಾಡ್‌ಗೆ ಗೊತ್ತಾಗಿದೆ. ಅವಳು ಬದುಕಿರುವುದು ಲವೆಟ್‌ಗೆ ಮೊದಲಿಂದಲೂ ಗೊತ್ತಿತ್ತು. ಟಾಡ್ ಲವೆಟ್‌ಳನ್ನು ಒಲೆಗೆ ನೂಕುತ್ತಾನೆ. ಹೆಂಡತಿಯ ಹೆಣವನ್ನು ತಬ್ಬಿ ಕೂರುತ್ತಾನೆ. ಟೋಬಿ ಬಂದು ಕತ್ತು ಸೀಳುತ್ತಾನೆ. ಟಾಡ್‌ನ ರಕ್ತ ಲೂಸಿಯ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಮುಗಿಯಿತು. ಜೊಹಾನಾ, ಆಂಟನಿ ಏನಾದರು? ತಿಳಿಸುವುದಿಲ್ಲ. ಚಿತ್ರಪಟದಷ್ಟು ಸುಂದರ, ಒಪ್ಪುತ್ತೇನೆ. ನೋಡುವವರು ಅಳುತ್ತಾರೆ.

ನಾಟಕ: ಟಾಡ್ ಸತ್ತ ಮೇಲೆ ಆಂಟನಿ, ಜೊಹಾನಾ ಪೊಲೀಸರ ಜೊತೆ ಬರುತ್ತಾರೆ. ಟೋಬಿ ಅವರ ಕಡೆ ನೋಡದೆ ಮಾಂಸ ಅರೆಯುವ ಯಂತ್ರ ತಿರುಗಿಸುತ್ತಿದ್ದಾನೆ. ಆಮೇಲೆ ಗುಂಪು ಬರುತ್ತದೆ. ಸತ್ತವರೂ ಎದ್ದು ಬಂದು ಸೇರುತ್ತಾರೆ. ಸೇಡು ಎಲ್ಲರೊಳಗೂ ಇದೆ ಎಂದು ಹಾಡುತ್ತಾ, ಸಭಾಂಗಣದ ಕಡೆ ಬೆರಳು ತೋರಿಸಿ, ಅಗೋ ಅಲ್ಲಿ ಟಾಡ್, ನಿಮ್ಮ ಪಕ್ಕದಲ್ಲಿ ಕೂತವನು ಟಾಡ್ ಅಲ್ವಾ ಎಂದು ಕೇಳುತ್ತಾರೆ. ಟಾಡ್ ಎದ್ದು ನಿಂತು, ನಮ್ಮನ್ನೇ ದಿಟ್ಟಿಸಿ, ಕಬ್ಬಿಣದ ಬಾಗಿಲನ್ನು ನಮ್ಮ ಮುಖಕ್ಕೆ ರಪ್ಪನೆ ಹಾಕುತ್ತಾನೆ.

ಟಾಡ್ ಒಬ್ಬ ಸತ್ತರೆ ಕಥೆ ಮುಗಿಯುತ್ತದೆ ಎಂದು ಸಿನಿಮಾ ನಂಬುತ್ತದೆ. ನಾಟಕ ನಂಬುವುದಿಲ್ಲ. ನ್ಯಾಯಾಧೀಶನ ಅನ್ಯಾಯಕ್ಕೆ ಸುಮ್ಮನಿದ್ದ ಊರು, ಪೈ ಚಪ್ಪರಿಸಿದ ಊರು, ಅದರ ಲೆಕ್ಕ ಯಾರು ಕೊಡಬೇಕು? ಗುಂಪನ್ನು ತೆಗೆದದ್ದರಿಂದ ಆ ಲೆಕ್ಕ ಸಿನಿಮಾದಲ್ಲಿ ಬಾಕಿ ಉಳಿಯಿತು.

ದೇವಿಕೆರೆ ಹುಡುಗ, ಶಿರಸಿ

ಆ ಬೆರಳು ಪರದೆಯಿಂದ ತೋರಿಸಿದರೆ ನಾಟುವುದಿಲ್ಲ ಅಕ್ಕ. ಎದುರಿಗೆ ಜೀವ ಇರುವ ಮನುಷ್ಯ ನಿಂತು ತೋರಿಸಿದರೆ ಮಾತ್ರ ನಾಟುತ್ತದೆ. ಬರ್ಟನ್ ಅದನ್ನು ಮಾಡಲು ಹೋಗದೆ ಇದ್ದದ್ದು ಸರಿ ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಲೆಕ್ಕದ ಮಾತು ನಿಜ. ಪೈ ತಿನ್ನುವ ಜನರ ಹಾಡನ್ನಾದರೂ ಪೂರ್ತಿ ಉಳಿಸಿಕೊಳ್ಳಬಹುದಿತ್ತು. ಅದಕ್ಕೆ ಕ್ಯಾಮೆರಾ ಅಡ್ಡ ಬರುತ್ತಿರಲಿಲ್ಲ. ಆ ಬಾಯಿಗಳನ್ನು ಹತ್ತಿರದಿಂದ ತೋರಿಸಿದ್ದರೆ ರಂಗಕ್ಕಿಂತ ಘೋರವಾಗುತ್ತಿತ್ತು.

ಚಂಡೆಪೆಟ್ಟು, ಹೊನ್ನಾವರ

ಅದು ಒಳ್ಳೆಯ ಮಾತು. ಅಲ್ಲಿ ನಾನು ನಿನ್ನ ಜೊತೆ.

ಬೈತಖೋಲ, ಕಾರವಾರ

1982ರ ದಾಖಲೆ ನಾವೆಲ್ಲ ಸೇರಿ ನೋಡಬಹುದಾ? ನಾನು ಜಾಗ ನೋಡುತ್ತೇನೆ.

ಕಡಲಂಚು, ಕಾರವಾರ

ನೋಡೋಣ. ಗಂಗಾವಳಿಯವರು ಬಂದು ಹಾಡುಗಳ ಬಗ್ಗೆ ಮೊದಲು ಸ್ವಲ್ಪ ಹೇಳಲಿ. ಪಟ್ಟಿ ಮಾಡುವ ಆ ಹಾಡು ಮುಗಿದ ತಕ್ಷಣ ಮಧ್ಯಂತರ ಬಿಡೋಣ, ಚಹಾ ಅಲ್ಲೇ. ಮಳೆ ಶುರುವಾಗುವ ಮೊದಲು ಒಂದು ಭಾನುವಾರ ಆದರೆ ಶಿರಸಿ, ಕುಮಟಾ ಕಡೆಯವರಿಗೂ ಬರಲು ಅನುಕೂಲ. ಸಣ್ಣ ಮಕ್ಕಳನ್ನು ಮಾತ್ರ ಕರೆತರಬೇಡಿ.